ಕಣ್ಣಿನ ನರ ತಜ್ಞರ ಸೈಟೇಷನ್ ಸಂಖ್ಯೆ ನೋಡಿ ಡಾಕ್ಟರನ್ನು ಆರಿಸಬಹುದೇ?

ಪ್ರಶ್ನೆ: ಅಣ್ಣನ ಮಗಳಿಗೆ ಕಣ್ಣಿನ ನರದ ಉರಿಯೂತ ಅಂದಿದ್ದಾರೆ. ನ್ಯೂರೋ-ಆಫ್ತಾಲ್ಮಾಲಜಿಸ್ಟ್ ಒಬ್ಬರ ಪ್ರೊಫೈಲ್‌ನಲ್ಲಿ ಸೈಟೇಷನ್ ಇಷ್ಟು ಸಾವಿರ, ಎಚ್-ಇಂಡೆಕ್ಸ್ ಇಷ್ಟು ಅಂತೆಲ್ಲ ಇದೆ. ಸಂಖ್ಯೆ ದೊಡ್ಡದಿದ್ದರೆ ಡಾಕ್ಟರೂ ದೊಡ್ಡವರು ಅಂತಲೇ?

ಉತ್ತರ: ಹಾಗೇನಿಲ್ಲ. ಒಬ್ಬರ ಪ್ರಬಂಧವನ್ನು ಇನ್ನೊಂದು ಪ್ರಬಂಧ ಉಲ್ಲೇಖಿಸಿದರೆ ಅದು ಒಂದು ಸೈಟೇಷನ್. ಮೆಚ್ಚಿ ಉಲ್ಲೇಖಿಸಿದರೂ ತಪ್ಪೆಂದು ಜಾಡಿಸಿದರೂ ಲೆಕ್ಕಕ್ಕೆ ಒಂದೇ. ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಹೊರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದರು: ಕನಿಷ್ಠ 40 ಸಲ ಉಲ್ಲೇಖವಾದ ಪ್ರಬಂಧಗಳು 40 ಇದ್ದರೆ ಎಚ್-ಇಂಡೆಕ್ಸ್ 40. ವರ್ಷ ಕಳೆದಂತೆ ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕಣ್ಣು-ನರ ವಿಭಾಗ ಚಿಕ್ಕದು, ಬರೆಯುವವರೂ ಕಡಿಮೆ. ಹಾಗಾಗಿ ಹೃದ್ರೋಗ ತಜ್ಞರ ಸಂಖ್ಯೆಯ ಪಕ್ಕ ಇವರದನ್ನು ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ನಿಮ್ಮ ಮನೆಯ ಹುಡುಗಿಯ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ಕಣ್ಣು ಹೊರಳಿಸಿದರೆ ನೋವು, ಕೆಂಪು ಬಣ್ಣ ಮಾಸಿದಂತೆ ಕಾಣುವುದು, ಕೆಲವೇ ದಿನಗಳಲ್ಲಿ ದೃಷ್ಟಿ ಮಂಜಾಗುವುದು ಇದರ ಲಕ್ಷಣ. ಡಾಕ್ಟರು ಎರಡೂ ಕಣ್ಣಿಗೆ ಟಾರ್ಚನ್ನು ಅದಲುಬದಲು ಮಾಡಿ ಹಿಡಿಯುತ್ತಾರೆ. ಬೆಳಕು ಒಳ್ಳೆಯ ಕಣ್ಣಿನಿಂದ ನೋವಿನ ಕಣ್ಣಿಗೆ ಬಂದಾಗ, ಕಿರಿದಾಗಬೇಕಾದ ಪಾಪೆ ಹಿಗ್ಗುತ್ತದೆ.

ಇದಕ್ಕೆ ಸ್ಟೀರಾಯ್ಡ್ ಮಾತ್ರೆ ಬರೆಯುವುದು ಒಂದು ಕಾಲಕ್ಕೆ ತೀರಾ ಸಾಮಾನ್ಯವಾಗಿತ್ತು. ಅಮೆರಿಕದ ಕಣ್ಣು-ನರ ತಜ್ಞ ರಾಯ್ ಬೆಕ್ ನೇತೃತ್ವದ ತಂಡ 457 ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿತು. ಒಂದು ಗುಂಪಿಗೆ ಮೂರು ದಿನ ರಕ್ತನಾಳದ ಮೂಲಕ ಭಾರಿ ಪ್ರಮಾಣದ ಸ್ಟೀರಾಯ್ಡ್, ಆಮೇಲೆ ಮಾತ್ರೆ. ಇನ್ನೊಂದಕ್ಕೆ ಬರೀ ಮಾತ್ರೆ. ಮತ್ತೊಂದಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. 1992ರಲ್ಲಿ ಬಂದ ಫಲಿತಾಂಶ ವೈದ್ಯರನ್ನು ಬೆಚ್ಚಿಬೀಳಿಸುವಂಥದ್ದು. ರಕ್ತನಾಳಕ್ಕೆ ಕೊಟ್ಟವರಲ್ಲಿ ದೃಷ್ಟಿ ಬೇಗ ಮರಳಿತು, ಆದರೆ ಕೊನೆಗೆ ಮರಳಿದ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಬರೀ ಮಾತ್ರೆ ನುಂಗಿದವರಲ್ಲಂತೂ ಕಾಯಿಲೆ ಮರುಕಳಿಸುವುದು ಹುಸಿ ಮಾತ್ರೆಯವರಿಗಿಂತ ಸುಮಾರು 1.8 ಪಟ್ಟು ಹೆಚ್ಚು! ಆ ಪ್ರಯೋಗದಲ್ಲಿ ಕೊಟ್ಟ ಪ್ರಮಾಣದಲ್ಲಿ ಬರೀ ಮಾತ್ರೆ ಕೊಡಬಾರದು ಎಂದು ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ. ಪ್ರಭಾವ ಎಂದರೆ ನನ್ನ ಮಟ್ಟಿಗೆ ಇದು: ಪ್ರಿಸ್ಕ್ರಿಪ್ಷನ್ ಬದಲಾಯಿತು.

ಆದರೆ ಉಲ್ಲೇಖಿಸಿದವರೆಲ್ಲ ಸರಿಯಾಗಿ ಅರ್ಥ ಮಾಡಿಕೊಂಡರು ಎನ್ನುವಂತಿಲ್ಲ. ಕೆಲವು ವರ್ಷಗಳ ನಂತರ ಅಮೆರಿಕದ ವೈದ್ಯರನ್ನೇ ಕೇಳಿದಾಗ, ರಕ್ತನಾಳದ ಸ್ಟೀರಾಯ್ಡ್‌ನಿಂದ ಕೊನೆಯ ದೃಷ್ಟಿಯೂ ಉತ್ತಮವಾಗುತ್ತದೆ ಎಂದು ನಂಬಿ ಕೊಡುತ್ತಿದ್ದವರು ಬಹಳ ಜನ ಸಿಕ್ಕರು. ಸಂಶೋಧನೆ ಹೇಳಿದ್ದು ಅದನ್ನಲ್ಲ.

ಇನ್ನೊಂದು ಸಂಗತಿ. ಬೆಕ್ ಮುಂದೆ ಫ್ಲೋರಿಡಾದ ಟ್ಯಾಂಪಾದಲ್ಲಿ ಜೇಬ್ ಸೆಂಟರ್ ಎಂಬ ಸಂಶೋಧನಾ ಕೇಂದ್ರ ಕಟ್ಟಿದರು. ಸಕ್ಕರೆ ಕಾಯಿಲೆಯಿಂದ ಹಾಳಾಗುವ ರೆಟಿನಾ, ಮೈಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್, ಹೀಗೆ ದೊಡ್ಡ ದೊಡ್ಡ ಪ್ರಯೋಗಗಳು ಅಲ್ಲಿಂದ ನಡೆದವು. ಮಧುಮೇಹದ ಪ್ರಬಂಧಗಳನ್ನು ಓದುವವರು ಬಹಳ, ಉಲ್ಲೇಖಿಸುವವರೂ ಬಹಳ. ಅಂದರೆ ಕಣ್ಣು-ನರ ತಜ್ಞರೊಬ್ಬರ ಒಟ್ಟು ಸಂಖ್ಯೆಯೊಳಗೆ ಕಣ್ಣಿನ ನರಕ್ಕೆ ಸಂಬಂಧವೇ ಇಲ್ಲದ ಕೆಲಸವೂ ಬೆರೆತಿರುತ್ತದೆ. ಮೇಲಾಗಿ ಇವೆಲ್ಲ ಹತ್ತಾರು ಆಸ್ಪತ್ರೆಗಳ ಸಾಮೂಹಿಕ ಕೆಲಸ. ಪ್ರಬಂಧದಲ್ಲಿ ಹೆಸರಿರುವ ಪ್ರತಿಯೊಬ್ಬರ ಖಾತೆಗೂ ಅದೇ ಸೈಟೇಷನ್ ಜಮೆಯಾಗುತ್ತದೆ.

ನಮ್ಮವರಿಗೆ ಮುಖ್ಯವಾದ ಮಾತು ಬೇರೆಯೇ ಇದೆ. ಆ 457 ಜನರಲ್ಲಿ ಸುಮಾರು 85% ಬಿಳಿಯರು. ಅವರನ್ನು 15 ವರ್ಷ ಗಮನಿಸಿದಾಗ ಅರ್ಧದಷ್ಟು ಜನರಿಗೆ ಮಲ್ಟಿಪಲ್ ಸ್ಕ್ಲಿರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಬಂತು. ಮೊದಲ ಎಂಆರ್‌ಐನಲ್ಲಿ ಮಿದುಳಲ್ಲಿ ಕಲೆಯಿಲ್ಲದವರಲ್ಲಿ 25%, ಕಲೆ ಇದ್ದವರಲ್ಲಿ 72%. ಭಾರತದಲ್ಲಿ ಆ ಕಾಯಿಲೆಯೇ ಕಡಿಮೆ, ಆದ್ದರಿಂದ ಈ ಅಂಕಿಗಳನ್ನು ಇಲ್ಲಿನ ಹುಡುಗಿಗೆ ನೇರವಾಗಿ ಹಚ್ಚಿ ಮನೆಯವರು ಕಂಗಾಲಾಗಬೇಕಿಲ್ಲ. ಹಾಗೆಯೇ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ತಯಾರಿಸುವ ಪ್ರತಿಕಾಯಗಳು (ಆಂಟಿಬಾಡಿ) ಈ ಉರಿಯೂತಕ್ಕೆ ಕಾರಣವಾಗುತ್ತವೆ. ಅವುಗಳಲ್ಲಿ ಆಕ್ವಾಪೋರಿನ್-4 ಪ್ರತಿಕಾಯ ಪತ್ತೆಯಾಗಿದ್ದು 2004ರಲ್ಲಿ, ಮಾಗ್ (MOG) ಪ್ರತಿಕಾಯದ ಪರೀಕ್ಷೆ ಬಳಕೆಗೆ ಬಂದದ್ದು ಇನ್ನೂ ಆಮೇಲೆ. ಬೆಕ್ ತಂಡದ ಪ್ರಯೋಗದಲ್ಲಿ ಕಾದಿರಿಸಿದ್ದ 177 ರಕ್ತದ ಮಾದರಿಗಳನ್ನು ಮುಂದೆ ಪರೀಕ್ಷಿಸಿದಾಗ ಆಕ್ವಾಪೋರಿನ್ ಪ್ರತಿಕಾಯ ಒಂದರಲ್ಲೂ ಇರಲಿಲ್ಲ, ಮಾಗ್ ಪ್ರತಿಕಾಯ ಮೂರರಲ್ಲಿತ್ತು. ಅಂದರೆ ಈ ಪ್ರತಿಕಾಯಗಳಿಂದ ಬರುವ ಉರಿಯೂತದ ಬಗ್ಗೆ ಆ ಪ್ರಯೋಗ ಹೆಚ್ಚೇನೂ ಹೇಳುವುದಿಲ್ಲ.

ಹಾಗಾಗಿ ಪ್ರೊಫೈಲ್ ತೆರೆದರೆ ಒಟ್ಟು ಸಂಖ್ಯೆ ಬಿಟ್ಟು, ಹೆಚ್ಚು ಉಲ್ಲೇಖವಾದ ಮೊದಲ ನಾಲ್ಕೈದು ಪ್ರಬಂಧಗಳ ಶೀರ್ಷಿಕೆ ಓದಿ: ಅವು ಕಣ್ಣಿನ ನರದ ಬಗ್ಗೆಯೇ? ಡಾಕ್ಟರನ್ನು ಕಂಡಾಗ ಎಂಆರ್‌ಐ ಜೊತೆಗೆ ಈ ಎರಡು ಪ್ರತಿಕಾಯಗಳ ರಕ್ತ ಪರೀಕ್ಷೆ ಬೇಕೇ ಎಂದು ಕೇಳಿ. ದೃಷ್ಟಿ ಇಳಿಯುತ್ತಲೇ ಇದ್ದರೆ ಪ್ರೊಫೈಲ್ ಹೋಲಿಸುತ್ತ ಕೂರಬೇಡಿ, ಹತ್ತಿರದಲ್ಲಿ ಸಿಗುವ ಕಣ್ಣಿನ ಡಾಕ್ಟರಿಗೆ ಇವತ್ತೇ ತೋರಿಸಿ.