ಸ್ಯಾಡಲ್ ಹಿಂದಕ್ಕೋ, ಮುಂದಕ್ಕೋ? ಎಲೆಕ್ಟ್ರಿಕ್ ಗಿಟಾರ್ ಸೆಟಪ್ ಟಿಪ್ಪಣಿ

ಮೂರು ಸಂಜೆ ಹಾಳು ಮಾಡಿಕೊಂಡು ಕಲಿತದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಗಿಟಾರನ್ನು ನಾನೇ ಸೆಟಪ್ ಮಾಡಿದ್ದು ಇದೇ ಮೊದಲು. ತಂತಿ ಹಾಕುವುದು, ಟ್ಯೂನ್ ಮಾಡುವುದು ನಿಮಗೂ ಗೊತ್ತಿದೆ ಅಂದುಕೊಂಡು ಅದನ್ನು ಬಿಡುತ್ತೇನೆ. ನಾನು ಎಡವಿದ್ದು ಇಂಟೊನೇಷನ್‌ನಲ್ಲಿ, ಅಂದರೆ ಯಾವ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದರೂ ಸ್ವರ ಸರಿಯಾಗಿ ಬರುವಂತೆ ಮಾಡುವುದರಲ್ಲಿ. ಅದಕ್ಕೆ ಸರಿಸುವುದು ಸ್ಯಾಡಲ್ ಅನ್ನು, ಅಂದರೆ ಗಿಟಾರ್ ಮೈಮೇಲಿನ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಪುಟ್ಟ ತುಂಡನ್ನು. ಹಾಗಾಗಿ ಈ ಟಿಪ್ಪಣಿಯ ಮುಕ್ಕಾಲು ಪಾಲು ಅದೇ ಇದೆ.

ಮೊದಲು ಯಾವುದು, ಆಮೇಲೆ ಯಾವುದು

ಹೊಸ ತಂತಿ, ಟ್ಯೂನಿಂಗ್, ನೆಕ್‌ನ ಬಾಗು, ತಂತಿಯ ಎತ್ತರ, ಪಿಕಪ್‌ನ (ತಂತಿಯ ಅಲುಗಾಟವನ್ನು ಹಿಡಿಯುವ ಆಯಸ್ಕಾಂತದ ಭಾಗ) ಎತ್ತರ, ಎಲ್ಲ ಮುಗಿದ ಮೇಲೆ ಇಂಟೊನೇಷನ್. ಒಂದನ್ನು ಮುಟ್ಟಿದರೆ ಅದರ ಮುಂದಿನದು ಕದಲುತ್ತದೆ, ಅದಕ್ಕೇ ಈ ಸಾಲು. ನಾನು ಉಲ್ಟಾ ಹೋದೆ. ಹಳೆ ತಂತಿಯಲ್ಲೇ ಇಂಟೊನೇಷನ್ ಸರಿ ಮಾಡಿದೆ, ಆಮೇಲೆ ತಂತಿ ತುಂಬ ಎತ್ತರ ಅನ್ನಿಸಿ ಇಳಿಸಿದೆ. ಎರಡು ಗಂಟೆಯ ಕೆಲಸ ನೀರಲ್ಲಿ ಹೋಮ ಮಾಡಿದ ಹಾಗಾಯಿತು.

ಹಳೆ ತಂತಿಯ ಕಥೆಯೂ ಅಷ್ಟೇ. ಫ್ರೆಟ್ ತಾಗುವ ಕಡೆ ಸವೆದಿರುತ್ತದೆ, ಬೆರಳಿನ ಕೊಳೆ ಅಲ್ಲಲ್ಲಿ ಕೂತಿರುತ್ತದೆ. ಉದ್ದಕ್ಕೂ ಒಂದೇ ತೂಕ ಇಲ್ಲದ ತಂತಿ ಸರಿಯಾದ ಸ್ವರ ಕೊಡುವುದಿಲ್ಲ. ಸ್ಯಾಡಲ್ ಎಲ್ಲಿಗೆ ಎಳೆದರೂ ಅಷ್ಟೇ.

ನೆಕ್‌ನ ಬಾಗು, ತಂತಿಯ ಎತ್ತರ

ನೆಕ್ ಪೂರ್ತಿ ನೇರ ಇರಬೇಕು ಅಂದುಕೊಂಡಿದ್ದೆ. ಹಾಗೇನಿಲ್ಲ. ಮೀಟಿದ ತಂತಿ ನಡುಭಾಗದಲ್ಲಿ ಅಗಲವಾಗಿ ಅಲುಗುತ್ತದೆ, ಅದಕ್ಕೆ ಸ್ವಲ್ಪ ಜಾಗ ಬೇಕು. 10ರ ಸೆಟ್ (ಎಲ್ಲಕ್ಕಿಂತ ತೆಳು ತಂತಿ 0.010 ಇಂಚು ಇರುವ ಸೆಟ್) ಹಾಕಿ ಟ್ಯೂನ್ ಮಾಡಿದರೆ ಆರೂ ತಂತಿ ಸೇರಿ ನೆಕ್ ಅನ್ನು 45 ಕಿಲೋ ತೂಕದಷ್ಟು ಬಲದಲ್ಲಿ ಎಳೆಯುತ್ತವೆ. ಆ ಎಳೆತಕ್ಕೆ ಎದುರು ನಿಲ್ಲುವುದು ನೆಕ್ ಒಳಗಿರುವ ಲೋಹದ ಸರಳು, ಟ್ರಸ್ ರಾಡ್.

ಅಳೆಯುವುದು ಹೀಗೆ: ಆರನೇ (ಎಲ್ಲಕ್ಕಿಂತ ದಪ್ಪ) ತಂತಿಯನ್ನು 1ನೇ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನೇರ ಪಟ್ಟಿ. 7 ಅಥವಾ 8ನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ಸುಮಾರು 0.25 ಮಿ.ಮೀ. ಇದ್ದರೆ ಸಾಕು. ನನ್ನ ಹತ್ತಿರ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇರಲಿಲ್ಲ. ಆದರೆ 10ರ ಸೆಟ್ಟಿನ ಒಂದನೇ ತಂತಿಯ ದಪ್ಪ 0.010 ಇಂಚು, ಅಂದರೆ ಸರಿಯಾಗಿ 0.25 ಮಿ.ಮೀ.! ತಂತಿ ಹಾಕಿ ಕತ್ತರಿಸಿ ಬಿಸಾಡುವ ತುಂಡೇ ಗೇಜ್. ಅದನ್ನು ಸಂದಿಗೆ ತೂರಿಸಿದಾಗ ಮೇಲಿನ ತಂತಿ ಏಳಬಾರದು, ತುಂಡು ಸಡಿಲವಾಗಿ ಅಲ್ಲಾಡಲೂಬಾರದು.

ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಟ್ಯೂನ್ ಮಾಡಿ, ಮತ್ತೆ ನೋಡಿ. ಬಿಗಿಯಾಗಿ ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ. ತಂತಿ ಇಳಿಸುವುದಕ್ಕೆ ಟ್ರಸ್ ರಾಡ್ ತಿರುಗಿಸುವವರೂ ಇದ್ದಾರೆ, ಅದು ತಪ್ಪು. ಎತ್ತರ ಹೊಂದಿಸುವುದು ಬ್ರಿಡ್ಜ್‌ನಲ್ಲಿ. ಫೆಂಡರ್ ತನ್ನ ಬಹುಪಾಲು ಗಿಟಾರ್‌ಗಳಿಗೆ ಹೇಳುವ ಅಳತೆ, 17ನೇ ಫ್ರೆಟ್ ಮೇಲೆ 4/64 ಇಂಚು, ಅಂದರೆ 1.6 ಮಿ.ಮೀ. ಜೋರಾಗಿ ಮೀಟುವವರಿಗೆ ಇನ್ನೊಂದು ಚೂರು ಎತ್ತರ ಬೇಕಾಗಬಹುದು.

ಈಗ ಇಂಟೊನೇಷನ್

ತೊಂದರೆ ಏನೆಂದರೆ, ಎಲ್ಲೂ ಒತ್ತದೆ ಮೀಟಿದ ಖಾಲಿ ತಂತಿ ಸರಿಯಾಗಿ ಟ್ಯೂನ್ ಆಗಿರುತ್ತದೆ, 12ನೇ ಫ್ರೆಟ್ ಒತ್ತಿದರೆ ಮಾತ್ರ ಟ್ಯೂನರ್ ಮುಳ್ಳು ಬಲಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ಸರಿಯಾಗಿ ಒಂದು ಆಕ್ಟೇವ್ ಮೇಲಿನ ಸ್ವರ ಬರಬೇಕಿತ್ತು. ನನ್ನ ಜಿ ತಂತಿ (ಮೂರನೆಯದು) 6 ಸೆಂಟ್ ಏರಿತ್ತು. ಸೆಂಟ್ ಅಂದರೆ ಒಂದು ಫ್ರೆಟ್‌ನ ಅಂತರದಲ್ಲಿ ನೂರನೇ ಒಂದು ಪಾಲು.

ಏಕೆ ಏರುತ್ತದೆ? ಒತ್ತಿದಾಗ ತಂತಿ ಕೆಳಗೆ ಬಾಗುತ್ತದೆ, ಬಾಗಿದಾಗ ಸ್ವಲ್ಪ ಹಿಗ್ಗುತ್ತದೆ, ಬಿಗಿ ಹೆಚ್ಚುತ್ತದೆ. ತಂತಿ ಎಷ್ಟು ಎತ್ತರವೋ ಅಷ್ಟು ಹಿಗ್ಗು. (ಎತ್ತರ ಮೊದಲು, ಇಂಟೊನೇಷನ್ ಕೊನೆಗೆ ಏಕೆ ಎಂದು ಇಲ್ಲಿ ಗೊತ್ತಾಗುತ್ತದೆ.) ಈ ಏರಿಕೆಯನ್ನು ಸರಿದೂಗಿಸಲು ಸ್ಯಾಡಲ್ ಅನ್ನು ಲೆಕ್ಕದ ಜಾಗಕ್ಕಿಂತ ಸ್ವಲ್ಪ ಹಿಂದೆ ಇಡುತ್ತಾರೆ. ಹಿಂದೆ ಅಂದರೆ ನೆಕ್‌ನಿಂದ ದೂರ.

ಇಲ್ಲೇ ನನ್ನ ತಲೆ ಕೆಟ್ಟಿದ್ದು. ಸ್ಯಾಡಲ್ ಹಿಂದಕ್ಕೆ ಎಳೆದರೆ ತಂತಿ ಬಿಗಿಯಾಗುತ್ತದೆ, ಬಿಗಿಯಾದರೆ ಶ್ರುತಿ ಇನ್ನೂ ಏರುತ್ತದೆ ಅಲ್ವಾ? ಹಾಗಂದುಕೊಂಡು ಮುಂದಕ್ಕೆ ತಳ್ಳಿದೆ. 6 ಇದ್ದದ್ದು 9 ಆಯಿತು. ಸರಿ, ಹಿಂದಕ್ಕೇ ಎಳೆಯಬೇಕು ಅಂತ ಒಪ್ಪಿಕೊಂಡೆ. ಆದರೆ ಏಕೆ ಅನ್ನುವುದು ತಲೆಗೆ ಹತ್ತಲಿಲ್ಲ. ಸ್ಯಾಡಲ್ ಹಿಂದಕ್ಕೆ ಹೋದರೆ ಖಾಲಿ ತಂತಿಯೂ ಉದ್ದವಾಯಿತು, ಒತ್ತಿದ ತಂತಿಯೂ ಅಷ್ಟೇ ಉದ್ದವಾಯಿತು. ಎರಡೂ ಒಟ್ಟಿಗೆ ಇಳಿದರೆ ನಡುವಿನ ವ್ಯತ್ಯಾಸ ಹಾಗೇ ಉಳಿಯಬೇಕಲ್ಲ?

ಕಾಗದದ ಮೇಲೆ ಬರೆದಾಗಲೇ ಬಿಡಿಸಿಕೊಂಡಿದ್ದು. 25.5 ಇಂಚಿನ ಗಿಟಾರ್ ಅಂದರೆ, ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸ್ಯಾಡಲ್‌ವರೆಗೆ ಲೆಕ್ಕದ ಉದ್ದ 648 ಮಿ.ಮೀ. 12ನೇ ಫ್ರೆಟ್ ಸರಿಯಾಗಿ ಅರ್ಧದಲ್ಲಿ, ನಟ್‌ನಿಂದ 324 ಮಿ.ಮೀ. ದೂರದಲ್ಲಿ. ಈಗ ಸ್ಯಾಡಲ್ 2 ಮಿ.ಮೀ. ಹಿಂದಕ್ಕೆ ಹೋಯಿತು ಅನ್ನೋಣ.

ಖಾಲಿ ತಂತಿ: 648 ಇದ್ದದ್ದು 650.
12ನೇ ಫ್ರೆಟ್ ಒತ್ತಿದ ತಂತಿ: 324 ಇದ್ದದ್ದು 326.

ಎರಡಕ್ಕೂ ಸೇರಿದ್ದು ಅದೇ 2 ಮಿ.ಮೀ. ಆದರೆ ಉದ್ದನೆಯ ತಂತಿಗೆ ಆ 2 ಮಿ.ಮೀ. ಶೇ. 0.3, ಅರ್ಧ ತಂತಿಗೆ ಶೇ. 0.6. ಶ್ರುತಿ ನೋಡುವುದು ಎಷ್ಟು ಮಿ.ಮೀ. ಅಂತ ಅಲ್ಲ, ಎಷ್ಟು ಪಾಲು ಅಂತ. ಹಾಗಾಗಿ ಖಾಲಿ ತಂತಿ ಸುಮಾರು 5.3 ಸೆಂಟ್ ಇಳಿಯುತ್ತದೆ, ಒತ್ತಿದ ತಂತಿ 10.6 ಸೆಂಟ್ ಇಳಿಯುತ್ತದೆ. ಈಗ ತಂತಿಯ ಕಿವಿ (ಟ್ಯೂನ್ ಮಾಡುವ ತಿರುಪು) ತಿರುಗಿಸಿ ಖಾಲಿ ತಂತಿಯನ್ನು 5.3 ಸೆಂಟ್ ಮೇಲಕ್ಕೆ ತನ್ನಿ. ಅದರ ಜೊತೆ ಒತ್ತಿದ ಸ್ವರವೂ 5.3 ಏರುತ್ತದೆ. ಆದರೂ ಮೊದಲಿಗಿಂತ 5.3 ಕೆಳಗೇ ಉಳಿಯುತ್ತದೆ. ನಮಗೆ ಬೇಕಾಗಿದ್ದು ಅದೇ.

ಬಿಗಿಯ ಪ್ರಶ್ನೆಯೂ ಇಲ್ಲೇ ತೀರಿತು. ಸ್ಯಾಡಲ್ ಎಳೆದಾಗ ತಂತಿ ಬಿಗಿಯಾಗಲಿ, ಸಡಿಲವಾಗಲಿ, ಖಾಲಿ ತಂತಿಯನ್ನು ಮತ್ತೆ ಟ್ಯೂನ್ ಮಾಡಿದ ಕೂಡಲೇ ಆ ಲೆಕ್ಕ ಅಳಿಸಿಹೋಗುತ್ತದೆ. ಉಳಿಯುವುದು ಉದ್ದದ ಲೆಕ್ಕ ಮಾತ್ರ. ನಾನು ಪ್ರತಿ ಸಲ ಟ್ಯೂನ್ ಮಾಡದೆ ನೇರವಾಗಿ 12ನೇ ಫ್ರೆಟ್ ಒತ್ತಿ ನೋಡುತ್ತಿದ್ದೆ. ಮುಳ್ಳು ಎಲ್ಲೆಲ್ಲಿಗೋ ಹೋಗುತ್ತಿತ್ತು. ದಯವಿಟ್ಟು ಈ ತಪ್ಪು ಮಾಡಬೇಡಿ.

ಇದರಿಂದ ಸಿಕ್ಕಿದ್ದು ನನ್ನ ಮೆಚ್ಚಿನ ಒಳದಾರಿ: ಈ ಉದ್ದದ ಗಿಟಾರ್‌ನಲ್ಲಿ ಸ್ಯಾಡಲ್ 1 ಮಿ.ಮೀ. ಸರಿದರೆ 12ನೇ ಫ್ರೆಟ್‌ನ ಸ್ವರ ಸುಮಾರು 2.7 ಸೆಂಟ್ ಬದಲಾಗುತ್ತದೆ. ನನ್ನ ಜಿ ತಂತಿ 6 ಸೆಂಟ್ ಏರಿತ್ತು. 6 ಭಾಗಿಸು 2.7, ಎರಡು ಕಾಲು ಮಿ.ಮೀ. ಹತ್ತಿರ. ಸ್ಯಾಡಲ್ ಇದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಸ್ಕೇಲ್ ಹಿಡಿದು ಅಷ್ಟು ಹಿಂದೆ ಎಳೆದೆ. ಟ್ಯೂನ್ ಮಾಡಿದೆ, ಒತ್ತಿದೆ. ಮುಳ್ಳು ನಡುವೆ ನಿಂತಿತು. ಸುಮ್ನೆ ಅರ್ಧರ್ಧ ಸುತ್ತು ತಿರುಗಿಸಿ ಒಂದು ಸಂಜೆ ಕಳೆದವನಿಗೆ ಇದು ಎಷ್ಟು ಖುಷಿ ಕೊಟ್ಟಿತು ಅಂದರೆ, ಉಳಿದ ಐದೂ ತಂತಿ ಹತ್ತು ನಿಮಿಷದಲ್ಲಿ ಮುಗಿಸಿದೆ.

ದಿಕ್ಕು ನೆನಪಿಡಲು ನಾನು ಗೊಣಗಿಕೊಳ್ಳುವುದು: ಏರಿದರೆ ಹಿಂದೆ, ಇಳಿದರೆ ಮುಂದೆ. ಸ್ಟ್ರಾಟೊಕಾಸ್ಟರ್ ಮಾದರಿಯ ಬ್ರಿಡ್ಜ್‌ನಲ್ಲಿ ಹಿಂದಿನ ಸ್ಕ್ರೂ ಬಿಗಿ ಮಾಡಿದರೆ ಸ್ಯಾಡಲ್ ಹಿಂದಕ್ಕೆ ಬರುತ್ತದೆ. ತಿರುಗಿಸುವ ಮೊದಲು ತಂತಿಯನ್ನು ಸ್ವಲ್ಪ ಸಡಿಲಿಸಿಕೊಳ್ಳಿ, ಇಲ್ಲದಿದ್ದರೆ ಸ್ಕ್ರೂ ತಲೆ ಸವೆಯುತ್ತದೆ. ಒತ್ತುವಾಗ ನೀವು ನುಡಿಸುವಷ್ಟೇ ಬಲ ಇರಲಿ. ಅಳೆಯುವ ಗಂಭೀರತೆಯಲ್ಲಿ ಅದುಮಿಬಿಟ್ಟರೆ ಅದೇ 3 ಸೆಂಟ್ ಏರಿಸಿಬಿಡುತ್ತದೆ.

ಎಲ್ಲ ಮುಗಿದ ಮೇಲೆ ಸ್ಯಾಡಲ್‌ಗಳ ಸಾಲನ್ನು ಒಮ್ಮೆ ನೋಡಿ. ಒಂದನೇ ತಂತಿಯದು ಎಲ್ಲಕ್ಕಿಂತ ಮುಂದೆ, ಬಿ ಸ್ವಲ್ಪ ಹಿಂದೆ, ಜಿ ಇನ್ನೂ ಹಿಂದೆ. ಡಿ ಬಂದಾಗ ತಟ್ಟನೆ ಮುಂದಕ್ಕೆ ಜಿಗಿದು, ಎ ಮತ್ತು ದಪ್ಪ ಇ ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಹೋಗುತ್ತವೆ. ಡಿ ಏಕೆ ಜಿಗಿಯಿತು? ಅದು ಸುತ್ತು ತಂತಿ. ಒಳಗಿನ ಎಳೆ ತೆಳು, ಮೇಲಿನ ಸುತ್ತು ಬರೀ ತೂಕಕ್ಕೆ. ಜಿ ತಂತಿಯೋ ಇಡೀ ದಪ್ಪಕ್ಕೂ ಗಟ್ಟಿ ಉಕ್ಕು, ಒತ್ತಿದರೆ ಜಾಸ್ತಿ ಏರುತ್ತದೆ. ನಿಮ್ಮ ಗಿಟಾರ್‌ನಲ್ಲಿ ಈ ಎರಡು ಮೆಟ್ಟಿಲಿನ ಆಕಾರ ಕಾಣದಿದ್ದರೆ ಎಲ್ಲೋ ತಪ್ಪಿದೆ ಅಂತ ಅನುಮಾನಿಸಿ.

ಇಂಟೊನೇಷನ್ ವೇಷ ಹಾಕಿದ ಬೇರೆ ತೊಂದರೆಗಳು

12ನೇ ಫ್ರೆಟ್ ಸರಿ ಇದೆ, ಆದರೆ 1, 2ನೇ ಫ್ರೆಟ್‌ನಲ್ಲಿ ಸ್ವರ ಏರುತ್ತಿದೆ. ಇದಕ್ಕೆ ಸ್ಯಾಡಲ್ ಮುಟ್ಟಬೇಡಿ, ನಟ್ ನೋಡಿ. ಅದರಲ್ಲಿ ತಂತಿ ಕೂರುವ ತೋಡಿನ ಆಳ ಸಾಲದೆ ತಂತಿ ಎತ್ತರದಲ್ಲಿ ಕೂತಿರುತ್ತದೆ. 3ನೇ ಫ್ರೆಟ್ ಒತ್ತಿ, 1ನೇ ಫ್ರೆಟ್ ಮೇಲೆ ಸಂದು ನೋಡಿ. ಕೂದಲೆಳೆಯಷ್ಟಿದ್ದರೆ ಸಾಕು. ತೋಡು ಅರೆಯುವ ಧೈರ್ಯ ನನಗಿನ್ನೂ ಬಂದಿಲ್ಲ. ಒಮ್ಮೆ ಜಾಸ್ತಿ ಅರೆದರೆ ಹೊಸ ನಟ್ಟೇ ಗತಿ.

ಇನ್ನೊಂದು, ಪಿಕಪ್. ದಪ್ಪ ಇ ತಂತಿಯ ಮುಳ್ಳು ಒಂದು ಕಡೆ ನಿಲ್ಲದೆ ತೂಗಾಡುತ್ತಿತ್ತು, ಸ್ವರವೂ ವಂಯ್ ವಂಯ್ ಅನ್ನುತ್ತಿತ್ತು. ಟ್ಯೂನರ್ ಕೆಟ್ಟಿದೆ ಅಂದುಕೊಂಡೆ. ಪಿಕಪ್ ತೀರಾ ಮೇಲಿದ್ದು ಅದರ ಆಯಸ್ಕಾಂತ ತಂತಿಯನ್ನು ಎಳೆಯುತ್ತಿತ್ತು. ಎರಡು ಸುತ್ತು ಇಳಿಸಿದೆ, ನಿಂತಿತು.

ಆಂಪ್ ಹಾಕಿದಾಗ

ಟ್ಯೂನರ್‌ನಲ್ಲಿ ಎಲ್ಲ ಸೊನ್ನೆ. ಆಂಪ್‌ನ ಗೇನ್ (ಸದ್ದು ಒಡೆದು ಡಿಸ್ಟಾರ್ಷನ್ ಬರುವಂತೆ ಮಾಡುವ ಗುಂಡಿ) ಏರಿಸಿ ಇ ಮೇಜರ್ ಕಾರ್ಡ್ ಹೊಡೆದರೆ ಅಪಸ್ವರ! ಮತ್ತೆ ಸ್ಕ್ರೂಡ್ರೈವರ್ ಕೈಗೆ ಬಂತು. ಪುಣ್ಯಕ್ಕೆ ಅಷ್ಟರಲ್ಲಿ ಕಾರಣ ಗೊತ್ತಾಯಿತು.

ಫ್ರೆಟ್‌ಗಳು ಆಕ್ಟೇವನ್ನು 12 ಸಮ ಪಾಲು ಮಾಡುತ್ತವೆ. ಹೀಗೆ ಮಾಡಿದಾಗ ಮೇಜರ್ ಥರ್ಡ್ (ಮೂಲ ಸ್ವರದಿಂದ ನಾಲ್ಕು ಫ್ರೆಟ್ ಮೇಲಿನ ಸ್ವರ) 400 ಸೆಂಟ್‌ಗೆ ಬೀಳುತ್ತದೆ. ಕಿವಿಗೆ ಪೂರ್ತಿ ಇಂಪಾಗಿ ಕೂಡುವ 5:4ರ ಅಂತರ 386. ಅಂದರೆ ಗಿಟಾರ್ ಎಷ್ಟೇ ಸರಿ ಇದ್ದರೂ ಥರ್ಡ್ 14 ಸೆಂಟ್ ಏರಿರುತ್ತದೆ. ಫಿಫ್ತ್ (ಏಳು ಫ್ರೆಟ್ ಮೇಲಿನದು) ಮಾತ್ರ 2 ಸೆಂಟ್ ಅಷ್ಟೇ ಆಚೀಚೆ. ಡಿಸ್ಟಾರ್ಷನ್ ಎರಡು ಸ್ವರಗಳನ್ನು ಬೆರೆಸಿ, ಅವುಗಳ ಕಂಪನಗಳ ಮೊತ್ತ, ವ್ಯತ್ಯಾಸದ ಹೊಸ ಸ್ವರಗಳನ್ನೂ ಹುಟ್ಟಿಸುತ್ತದೆ. ಥರ್ಡ್‌ನ ಆ 14 ಸೆಂಟ್ ಅಲ್ಲಿ ದೊಡ್ಡದಾಗಿ ಕೇಳುತ್ತದೆ. ಮೂಲ ಸ್ವರ, ಫಿಫ್ತ್ ಎರಡೇ ಇರುವ ಪವರ್ ಕಾರ್ಡ್‌ನಲ್ಲಿ ಥರ್ಡ್ ಇಲ್ಲ. ಮೂಲ ಸ್ವರ 2 ಪಾಲು, ಫಿಫ್ತ್ 3 ಪಾಲು, ವ್ಯತ್ಯಾಸ 1. ಅಂದರೆ ಮೂಲಕ್ಕಿಂತ ಒಂದು ಆಕ್ಟೇವ್ ಕೆಳಗಿನ ಸ್ವರ ತಾನಾಗಿ ಕೇಳುತ್ತದೆ. ಆ ಗಡಸು ಬರುವುದು ಅಲ್ಲಿಂದ.

ಇ ಮೇಜರ್‌ನ ಥರ್ಡ್ ಬರುವ ಜಿ ತಂತಿ ಸ್ವಲ್ಪ ಇಳಿಸಿ ನೋಡಿದೆ, ಇ ಮೇಜರ್ ಸಿಹಿಯಾಯಿತು. ಇ ಮೈನರ್ ಹಾಳಾಯಿತು. ಅಲ್ಲಿ ಅದೇ ಜಿ ಸ್ವಲ್ಪ ಏರಿದ್ದರೆ ಚೆಂದ. ಬಿಟ್ಟುಬಿಟ್ಟೆ. ಗೇನ್ ಇಳಿಸುವುದೇ ಸುಲಭ.

ಆಂಪ್ ಬಗ್ಗೆ ಇನ್ನೊಂದೇ ಮಾತು. ವಾಲ್ವ್ ಆಂಪ್‌ನ ಒಳಗೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಸ್ಪೀಕರ್ ಜೋಡಿಸದೆ ಆನ್ ಮಾಡಲೂಬೇಡಿ.

ಹಳೆ ಗಿಟಾರ್ ಕೊಳ್ಳುವವರಿಗೆ

ಹಳೆ ಮಾದರಿ ಕೂಡಿಡುವ ಆಸೆ ಇದ್ದರೆ ಮೊದಲು ಬ್ರಿಡ್ಜ್ ನೋಡಿ. 1952ರ ಗಿಬ್ಸನ್ ಕಂಪನಿಯ ಲೆಸ್ ಪಾಲ್‌ನಲ್ಲಿ ತಂತಿಗೊಂದು ಸ್ಯಾಡಲ್ ಇಲ್ಲವೇ ಇಲ್ಲ, ಆರಕ್ಕೂ ಒಂದೇ ಸರಳು. 1954ರಲ್ಲಿ ಗಿಬ್ಸನ್, ಫೆಂಡರ್ ಎರಡೂ ಕಡೆ ಬದಲಾಯಿತು. ಗಿಬ್ಸನ್ ಲೆಸ್ ಪಾಲ್ ಕಸ್ಟಮ್‌ಗೆ ತಂತಿಗೊಂದು ಸ್ಯಾಡಲ್ ಇರುವ ಟ್ಯೂನ್-ಓ-ಮ್ಯಾಟಿಕ್ ಬ್ರಿಡ್ಜ್ ಬಂತು, ಫೆಂಡರ್ ಆರು ಸ್ಯಾಡಲ್‌ನ ಸ್ಟ್ರಾಟೊಕಾಸ್ಟರ್ ತಂದಿತು. ಅದಕ್ಕೂ ಮೊದಲು, 1950ರಲ್ಲಿ ಫೆಂಡರ್ ತಂದು ಆಮೇಲೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರ್‌ನಲ್ಲಿ ಆರು ತಂತಿಗೆ ಮೂರೇ ಸ್ಯಾಡಲ್, ಎರಡೆರಡಕ್ಕೆ ಒಂದು.

ಗೆಳೆಯನೊಬ್ಬನ ಮೂರು ಸ್ಯಾಡಲ್ ಗಿಟಾರ್ ಮೇಲೆ ನನ್ನ ಹೊಸ ವಿದ್ಯೆ ತೋರಿಸಲು ಹೋದೆ. ಜಿ 6 ಸೆಂಟ್ ಏರಿತ್ತು, ಅದೇ ಸ್ಯಾಡಲ್ ಮೇಲಿನ ಡಿ 2 ಸೆಂಟ್ ಇಳಿದಿತ್ತು. ಜಿಗೆ ಹಿಂದೆ ಹೋಗಬೇಕು, ಡಿಗೆ ಮುಂದೆ ಬರಬೇಕು. ಮುಕ್ಕಾಲು ಮಿ.ಮೀ. ಹಿಂದಕ್ಕೆ ಎಳೆದು ರಾಜಿ ಮಾಡಿದೆ: ಜಿ 4 ಏರು, ಡಿ 4 ಇಳಿ. ಆ ಕಾಲದವರಿಗೆ ಇದು ಕಾಣಲಿಲ್ಲವೇ ಅಂತ ಬೈಯುತ್ತಲೇ ಇದ್ದೆ. ಆಮೇಲೆ ತಿಳಿಯಿತು, ಆಗ ಮಾಮೂಲಿ ಸೆಟ್‌ಗಳಲ್ಲಿ ಜಿ ಕೂಡ ಸುತ್ತು ತಂತಿಯೇ. ಡಿಯಿಂದ ಜಿಗೆ ಆ ದೊಡ್ಡ ಜಿಗಿತವೇ ಇರಲಿಲ್ಲ. ಮುಂದಿನ ಸಲ ಅವನು ತಂತಿ ಬದಲಿಸುವಾಗ ಸುತ್ತು ಜಿ ಇರುವ ಸೆಟ್ ಹಾಕಿ ನೋಡುವುದೆಂದು ಮಾತಾಗಿದೆ.