ಪದ ಪರಿಚಯ: ಫ್ಯಾಂಟಸಿ ಪೀಸ್

ಯುದ್ಧಕಾಲದ ವಸ್ತುಗಳ ಸಂಗ್ರಹಕಾರರು ಬಳಸುವ ಮಾತು ಇದು. ಅಸಲಿ ವಸ್ತುವೊಂದನ್ನು ನೋಡಿ ಅದರಂತೆಯೇ ಮಾಡಿದ್ದು ರೀಪ್ರೊಡಕ್ಷನ್. ಅದನ್ನು ಅಸಲಿಯ ಪಕ್ಕದಲ್ಲಿಟ್ಟರೆ ಬಣ್ಣ ಬಯಲಾಗುತ್ತದೆ. ಫ್ಯಾಂಟಸಿ ಪೀಸ್ ಹಾಗಲ್ಲ. ಅದಕ್ಕೆ ಅಸಲಿಯೇ ಇಲ್ಲ. ಆ ಕಾಲದಲ್ಲಿ ಅಂಥದ್ದನ್ನು ಯಾರೂ ಮಾಡಿರಲಿಲ್ಲ. ಹಳೆಯ ಸಾದಾ ವಸ್ತುವಿಗೆ ಹೊಸದಾಗಿ ಮುದ್ರೆ ಒತ್ತಿ ಯುದ್ಧದ ಕಥೆ ಕಟ್ಟುವುದನ್ನೂ ಹಲವರು ಇದೇ ಹೆಸರಿನಿಂದ ಕರೆಯುತ್ತಾರೆ. ಆನ್‌ಲೈನ್ ಮಾರಾಟದಲ್ಲಿ ಹೆಚ್ಚು ಜನ ಮೋಸಹೋಗುವುದು ಈ ಎರಡನೆಯ ಬಗೆಗೆ, ಏಕೆಂದರೆ ವಸ್ತು ನಿಜಕ್ಕೂ ಹಳೆಯದೇ ಆಗಿರುತ್ತದೆ.

ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನ ಎ.ಆರ್.ಪಿ. (ಏರ್ ರೇಡ್ ಪ್ರಿಕಾಷನ್ಸ್) ವಸ್ತುಗಳನ್ನೇ ನೋಡಿ. ವಿಮಾನದಾಳಿಯಿಂದ ಜನರನ್ನು ಕಾಪಾಡಲು ಕಟ್ಟಿದ ವ್ಯವಸ್ಥೆ ಅದು. ಅದರ ಕಾಯ್ದೆ 1938ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಕಾವಲುಗಾರರಾದ ವಾರ್ಡನ್‌ಗಳಲ್ಲಿ ಬಹುಪಾಲು ಜನ ಹಗಲು ತಮ್ಮ ಕೆಲಸ ಮುಗಿಸಿ ರಾತ್ರಿ ಬೀದಿ ಕಾಯುತ್ತಿದ್ದ ಸ್ವಯಂಸೇವಕರು. ಆ ಯುದ್ಧದಲ್ಲಿ ಬಾಂಬ್ ದಾಳಿಗೆ ಬ್ರಿಟನ್ನಿನ ಸುಮಾರು 60 ಸಾವಿರ ನಾಗರಿಕರು ಸತ್ತರು. ಅಂಥ ರಾತ್ರಿಗಳ ಸಾಕ್ಷಿಯೆಂದು ಸುಳ್ಳು ವಸ್ತುವನ್ನು ಮಾರುವುದು ಬರೀ ಹಣದ ಮೋಸವೆಂದು ನನಗೆ ಅನ್ನಿಸುವುದಿಲ್ಲ.

ವಾರ್ಡನ್‌ಗಳ ಬಳಿ ಮರದ ರ‍್ಯಾಟಲ್ ಇರುತ್ತಿತ್ತು. ಹಿಡಿ ಹಿಡಿದು ತಿರುಗಿಸಿದರೆ ಹಲ್ಲುಚಕ್ರಕ್ಕೆ ಮರದ ಪಟ್ಟಿ ಬಡಿದು ಕಟಕಟ ಸದ್ದು ಹೊರಡುತ್ತದೆ. ವಿಷಾನಿಲ ಬಿದ್ದರೆ ರ‍್ಯಾಟಲ್, ಅಪಾಯ ಕಳೆದರೆ ಕೈಗಂಟೆ ಎಂಬುದು ನಿಯಮ. ಹೊಲದಲ್ಲಿ ಹಕ್ಕಿ ಓಡಿಸಲು, ಫುಟ್‌ಬಾಲ್ ಪಂದ್ಯದಲ್ಲಿ ಗದ್ದಲ ಎಬ್ಬಿಸಲು ಬಳಸುತ್ತಿದ್ದದ್ದೂ ಇಂಥದ್ದೇ ರ‍್ಯಾಟಲ್. ಅಗ್ಗಕ್ಕೆ ಸಿಕ್ಕ ಅಂಥದ್ದೊಂದಕ್ಕೆ 'ಎ.ಆರ್.ಪಿ.' ಎಂದು ಒತ್ತಿದರೆ ಬೆಲೆ ಏರುತ್ತದೆ. ಹಾಗಾಗಿ ಅಕ್ಷರದ ಗುಂಡಿಯೊಳಗೆ ನೋಡಬೇಕು. ದಶಕಗಳ ಕೈಬೆವರು, ದೂಳು ಕೂತು ಮರ ಕಪ್ಪಾಗಿದ್ದು ಅಕ್ಷರದ ತಳ ಮಾತ್ರ ತಿಳಿಯಾಗಿ ಕಂಡರೆ ಮುದ್ರೆ ಈಚಿನದು. ಅಂಚಿನಲ್ಲಿ ಎಳೆ ಎದ್ದು ಕೈಗೆ ತಾಗಿದರೂ ಅನುಮಾನಿಸಿ. ಕಪ್ಪು ಪಾಲಿಷ್ ಬಳಿದು ಮುಚ್ಚಿದ್ದರೆ ಅದು ಗುಂಡಿಯೊಳಗೂ ಹೊರಗೂ ಒಂದೇ ಸಮನಾಗಿರುತ್ತದೆ. ನಿಜವಾದ ಕೊಳೆ ಹಾಗೆ ಕೂರುವುದಿಲ್ಲ. ಯಾವ ಗುರುತೂ ಇಲ್ಲದ ಎಷ್ಟೋ ರ‍್ಯಾಟಲ್‌ಗಳು ಯುದ್ಧದಲ್ಲಿ ಕೆಲಸ ಮಾಡಿವೆ. ಮುದ್ರೆಯೇ ಪುರಾವೆ ಎಂದು ನಂಬುವ ಕೊಳ್ಳುವವರ ಮೇಲೆಯೇ ಈ ದಂಧೆ ನಿಂತಿದೆ.

ಹೆಲ್ಮೆಟ್‌ನಲ್ಲೂ ಇದೇ ಕಥೆ. ವಾರ್ಡನ್ ಹೆಲ್ಮೆಟ್ ಮೇಲೆ ದೊಡ್ಡದಾಗಿ 'ಡಬ್ಲ್ಯು' ಅಕ್ಷರ ಇರುತ್ತಿತ್ತು. ಆ ಬಣ್ಣ ಹಳೆಯ ಗೀರುಗಳೊಳಗೆ, ತುಕ್ಕಿನ ಮೇಲೆ ಹರಿದಿದ್ದರೆ ಗೀರು ಬಿದ್ದ ಮೇಲೆ ಬರೆದದ್ದು ಎಂದರ್ಥ. ಅಸಲಿಯಾಗಿದ್ದರೆ ಗೀರು ಅಕ್ಷರವನ್ನು ಕತ್ತರಿಸಿಕೊಂಡು ಹೋಗಿರಬೇಕು. ಅಂಚಿನಲ್ಲಿ ಕೊರೆದ ಸಣ್ಣ ತೂತುಗಳನ್ನು ಕಂಡು ಹಾಳಾದ ಮಾಲೆಂದು ಬಿಡಬೇಡಿ. ರಣರಂಗಕ್ಕೆ ತಕ್ಕಷ್ಟು ಗಟ್ಟಿಯಲ್ಲದ ಉಕ್ಕಿನದು, ನಾಗರಿಕ ಬಳಕೆಗೆ ಎಂದು ಹಾಕಿದ ಗುರುತು ಅದು. ಹೀಗಾಗಿ ವಾರ್ಡನ್ ಹೆಲ್ಮೆಟ್‌ಗೆ ಅದು ಒಪ್ಪುವ ಲಕ್ಷಣವೇ.

ಬ್ಯಾಡ್ಜ್ ವಿಷಯ ಕೊಂಚ ಸುಲಭ. ಮೊದಲ ಎ.ಆರ್.ಪಿ. ಬ್ಯಾಡ್ಜ್‌ಗಳು ಬೆಳ್ಳಿಯವು, ನಂತರದವು ಅಗ್ಗದ ಲೋಹದವು. ಬೆಳ್ಳಿಯದಾದರೆ ಹಾಲ್‌ಮಾರ್ಕ್ ಇರಲೇಬೇಕು. ಅದರಲ್ಲಿ ಸಿಂಹ, ಲಂಡನ್ನಿನ ಚಿರತೆಯ ತಲೆ, ವರ್ಷ ಸೂಚಿಸುವ ಅಕ್ಷರ ಇರುತ್ತವೆ. ಆ ಸಾಲಿನಲ್ಲಿ 'ಎ' ಎಂದರೆ 1936. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದದ್ದಾದರೆ ಈ ಪುಟ್ಟ ಗುರುತುಗಳೇ ಮೊದಲು ಮಸುಕಾಗುತ್ತವೆ. ಆದ್ದರಿಂದ ಹಿಂಬದಿಯ ಹತ್ತಿರದ ಫೋಟೊ ಕೇಳಿ; ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಇನ್ನೊಂದು ಗೊಂದಲವಿದೆ, ಅದು ಫ್ಯಾಂಟಸಿಯೂ ಅಲ್ಲ, ನಕಲಿಯೂ ಅಲ್ಲ. ಯುದ್ಧ ಮುಗಿದ ಮೇಲೆ, 1949ರಿಂದ 1968ರವರೆಗೆ ಬ್ರಿಟನ್ನಿನಲ್ಲಿ ಸಿವಿಲ್ ಡಿಫೆನ್ಸ್ ಕೋರ್ ಎಂಬ ನಾಗರಿಕ ರಕ್ಷಣಾ ಪಡೆ ಇತ್ತು. ಅದರ ಬ್ಯಾಡ್ಜ್‌ಗಳು ಅಸಲಿಯೇ, ಆದರೆ ಯುದ್ಧದವಲ್ಲ. ಕಿರೀಟ ನೋಡಿದರೆ ಬಹಳಷ್ಟು ಬಾರಿ ತಿಳಿಯುತ್ತದೆ: ಎರಡನೇ ಮಹಾಯುದ್ಧದ ಬ್ಯಾಡ್ಜ್‌ನಲ್ಲಿ ಕಿರೀಟದ ಕಮಾನುಗಳು ಗುಮ್ಮಟದಂತೆ ಮೇಲಕ್ಕೆ ಉಬ್ಬಿರುತ್ತವೆ. ಎರಡನೇ ಎಲಿಜಬೆತ್ ರಾಣಿಯ ಕಾಲದ್ದರಲ್ಲಿ ಅವು ನಡುವೆ ತಗ್ಗಾಗಿರುತ್ತವೆ. ತಗ್ಗಿದ ಕಿರೀಟವಿರುವ ಬ್ಯಾಡ್ಜ್‌ಗೆ '1940' ಎಂದು ಮಾರಾಟಗಾರ ಬರೆದಿದ್ದರೆ, ಆತ ಬರೆದ ಬೆಲೆಯನ್ನೂ ನಂಬಬೇಕಿಲ್ಲ.