‘ನೈಜ ಘಟನೆ ಆಧಾರಿತ’ ಅಂತ ಹಾಕಿದ್ದಾರೆ, ಸೆನ್ಸಾರೂ ಆಗಿದೆ. ಅಂದಮೇಲೆ ನಿಜವೇ ತಾನೆ?

ಪ್ರಶ್ನೆ: ಸಿನಿಮಾ ಶುರುವಿನಲ್ಲೇ ‘ನೈಜ ಘಟನೆ ಆಧಾರಿತ’ ಎಂದು ತೋರಿಸುತ್ತಾರೆ. ಸೆನ್ಸಾರ್ ಬೋರ್ಡ್ ನೋಡಿಯೇ ಪಾಸು ಮಾಡಿರುತ್ತದೆ. ಸುಳ್ಳಾಗಿದ್ದರೆ ಬಿಡುತ್ತಿದ್ದರೇ? ಶೇಕಡಾ ಎಷ್ಟು ನಿಜ ಎಂದು ಇಟ್ಟುಕೊಳ್ಳಬಹುದು?

ಉತ್ತರ: ಇಂಥದೊಂದು ಸಿನಿಮಾ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಸಿನಿಮಾದ ಹೆಸರು ಬೇರೆ ಇರುತ್ತದೆ, ಅಷ್ಟೆ. ಆದ್ದರಿಂದ ಒಮ್ಮೆ ಸಾವಧಾನವಾಗಿ ಬರೆದುಬಿಡುತ್ತೇನೆ. ಆ ಸಾಲಿಗೆ ಯಾರೂ ಜಾಮೀನು ನಿಂತಿಲ್ಲ. ಹಾಲಿನ ಪ್ಯಾಕೆಟ್ಟಿನ ಮೇಲೆ ಕೊಬ್ಬು ಎಷ್ಟೆಂದು ಬರೆಯಲು ಕಾನೂನಿದೆ, ಅಳತೆಯೂ ಇದೆ. ‘ನೈಜ ಘಟನೆ’ಗೆ ಎರಡೂ ಇಲ್ಲ. ನಿಜ ಇಷ್ಟು ಪಾಲು ಇದ್ದರೆ ‘ಆಧಾರಿತ’, ಇಷ್ಟಿದ್ದರೆ ‘ಪ್ರೇರಿತ’ ಎಂದು ಎಲ್ಲಿಯೂ ನಿಗದಿಯಾಗಿಲ್ಲ. ಆ ಸಾಲನ್ನು ಬರೆದವರು ಕಥೆ ಬರೆದವರೇ. ಅದೂ ಕಥೆಯದೇ ಒಂದು ಸಾಲು.

ಇನ್ನು ಸೆನ್ಸಾರ್. ಎಷ್ಟು ಸಲ ಹೇಳಿದರೂ ಈ ನಂಬಿಕೆ ಮಾತ್ರ ಅಲ್ಲಾಡುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ಕೂರೋಣ.

1952ರ ಸಿನಿಮಾಟೊಗ್ರಾಫ್ ಕಾಯ್ದೆಯ 5ಬಿ ಕಲಮಿನಲ್ಲಿ ಪ್ರಮಾಣಪತ್ರ ನಿರಾಕರಿಸಲು ಯಾವ ಯಾವ ಕಾರಣ ಇರಬಹುದೆಂದು ಪಟ್ಟಿಯೇ ಇದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಶಾಂತಿ, ಸಭ್ಯತೆ ಮತ್ತು ನೈತಿಕತೆ, ಮಾನಹಾನಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಪ್ರಚೋದನೆ. ಇನ್ನೊಮ್ಮೆ ಓದಿ. ‘ಸುಳ್ಳು’ ಎಂಬ ಪದ ಆ ಪಟ್ಟಿಯಲ್ಲಿ ಇಲ್ಲ. ಬೋರ್ಡಿಗೆ ಒಪ್ಪಿಸಿರುವ ಕೆಲಸ, ಯಾವ ವಯಸ್ಸಿನವರು ನೋಡಬಹುದು, ಯಾವುದನ್ನು ಕತ್ತರಿಸಬೇಕು ಎಂದು ಹೇಳುವುದು. ಬೆಂಗಳೂರಿನ ಪ್ರಾದೇಶಿಕ ಕಚೇರಿಯಲ್ಲಾಗಲಿ ಮುಂಬೈಯಲ್ಲಾಗಲಿ, ನಾಲ್ವರು ಸಲಹಾ ಸದಸ್ಯರೂ ಒಬ್ಬ ಪರಿಶೀಲನಾಧಿಕಾರಿಯೂ ಕೂತು ಸಿನಿಮಾ ನೋಡುತ್ತಾರೆ, ಅಭಿಪ್ರಾಯ ಬರೆದುಕೊಡುತ್ತಾರೆ. ಘಟನೆಯ ಹಳೇ ಕಡತ ತೆಗೆಸಿ ಒಂದೊಂದು ದೃಶ್ಯದೊಂದಿಗೆ ತಾಳೆ ನೋಡುವುದಕ್ಕೆ ಅವರಿಗೆ ಸಮಯವೂ ಇಲ್ಲ, ಅಧಿಕಾರವೂ ಇಲ್ಲ.

ಮಾನಹಾನಿ ಆ ಪಟ್ಟಿಯಲ್ಲಿದೆಯಲ್ಲ ಎಂದು ನೀವು ಕೇಳಬಹುದು. ಇದೆ. ಅದಕ್ಕಾಗಿಯೇ ಬದುಕಿರುವವರ ಪಾತ್ರ ಬಂದಾಗ ಅವರಿಂದ ನಿರಾಕ್ಷೇಪಣಾ ಪತ್ರ ತನ್ನಿ ಎಂದು ಕೇಳುವುದುಂಟು, ಹೆಸರು ಬದಲಿಸಿ ಎನ್ನುವುದುಂಟು. ಆದರೆ ನಿರಾಕ್ಷೇಪಣಾ ಪತ್ರ ಎಂದರೆ ‘ನನ್ನ ತಕರಾರಿಲ್ಲ’ ಎಂದಷ್ಟೇ ಅರ್ಥ. ‘ಹೀಗೇ ನಡೆಯಿತು’ ಎಂದಲ್ಲ. ಹಾಗೆ ನೋಡಿದರೆ, ಮನೆಯವರೆಲ್ಲ ಸಂತೋಷದಿಂದ ಸಹಿ ಹಾಕಿಕೊಟ್ಟ ಜೀವನಚಿತ್ರವನ್ನು ಇನ್ನೂ ಸ್ವಲ್ಪ ಹುಷಾರಾಗಿ ನೋಡಬೇಕು. ಅಲ್ಲಿ ನಾಯಕನ ಸಾಲ, ಸಿಟ್ಟು, ಮೊದಲ ಮದುವೆ ಎಲ್ಲವೂ ಮಾಯವಾಗಿರುವ ಸಂಭವ ಜಾಸ್ತಿ.

ಇತಿಹಾಸ ಗೊತ್ತಿರುವವರನ್ನು ಬೋರ್ಡು ಕರೆಸಿದ್ದೂ ಉಂಟು. 2017ರ ಡಿಸೆಂಬರಿನಲ್ಲಿ ರಾಣಿ ಪದ್ಮಾವತಿಯ ಕಥೆಯ ‘ಪದ್ಮಾವತಿ’ ಎಂಬ ಹಿಂದಿ ಚಿತ್ರದ ಗಲಾಟೆಯಾದಾಗ ವಿಶೇಷ ಸಮಿತಿಯೊಂದಕ್ಕೆ ಸಿನಿಮಾ ತೋರಿಸಿದರು. ಹೊರಬಂದದ್ದೇನು? ಹೆಸರನ್ನು ‘ಪದ್ಮಾವತ್’ ಎಂದು ಬದಲಿಸಿ, ಏಕೆಂದರೆ ನಿಮ್ಮ ಮೂಲ ಆ ಹೆಸರಿನ ಕಾವ್ಯ, ಇತಿಹಾಸವಲ್ಲ. ಚಾರಿತ್ರಿಕ ನಿಖರತೆಯ ಹಕ್ಕು ಸಾಧಿಸುವುದಿಲ್ಲವೆಂದು ಮುಂದೆ ಒಂದು ಕಾರ್ಡು ಹಾಕಿ. ಅಂದರೆ ತಜ್ಞರು ಬಂದು ಕೂತಾಗಲೂ ಬೋರ್ಡು ‘ಇದು ಸತ್ಯ’ ಎಂಬ ಮುದ್ರೆ ಒತ್ತಲಿಲ್ಲ. ಸತ್ಯದ ತಂಟೆಯೇ ಬೇಡವೆಂದು ಬರೆಸಿಕೊಂಡಿತು.

ಇನ್ನೂ ನೇರವಾದ ಉದಾಹರಣೆ 2023ರದು. ‘ದಿ ಕೇರಳ ಸ್ಟೋರಿ’ಗೆ ಬೋರ್ಡಿನಿಂದ ‘ಎ’ ಪ್ರಮಾಣಪತ್ರ ಸಿಕ್ಕಿತ್ತು. ಕೇರಳದ 32,000 ಹೆಣ್ಣುಮಕ್ಕಳು ಮತಾಂತರವಾದರು ಎಂಬ ಸಂಖ್ಯೆಯ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಸಂಖ್ಯೆಗೆ ಅಧಿಕೃತ ಅಂಕಿಅಂಶದ ಆಧಾರವಿಲ್ಲ, ಚಿತ್ರ ಕಲ್ಪಿತ ರೂಪದ್ದು ಎಂಬ ಸೂಚನೆಯನ್ನು ಮೇ 20ರೊಳಗೆ ಸೇರಿಸುತ್ತೇವೆಂದು ನಿರ್ಮಾಪಕರು ಅಲ್ಲಿ ಒಪ್ಪಿಕೊಂಡರು. ಪ್ರಮಾಣಪತ್ರ ಅದಕ್ಕೂ ಮೊದಲೇ ಕೈಯಲ್ಲಿತ್ತು. ಚಿತ್ರ ಇಷ್ಟವಾಯಿತೇ ಇಲ್ಲವೇ ಎಂಬುದು ಬೇರೆ ಮಾತು. ಪ್ರಮಾಣಪತ್ರಕ್ಕೂ ಸತ್ಯಕ್ಕೂ ಎಷ್ಟು ದೂರ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಒಟಿಟಿಯಲ್ಲಿ ನೇರವಾಗಿ ಬರುವ ಸರಣಿಗಳ ಕಥೆಯಂತೂ ಕೇಳಲೇಬೇಡಿ. ಅವು ಸೆನ್ಸಾರ್ ಬೋರ್ಡಿನ ಮೆಟ್ಟಿಲನ್ನೇ ಹತ್ತುವುದಿಲ್ಲ. 2021ರ ಐಟಿ ನಿಯಮಗಳ ಪ್ರಕಾರ 13+, 16+ ಎಂಬ ಗುರುತನ್ನು ಆ ವೇದಿಕೆಯವರು ತಾವೇ ಹಾಕಿಕೊಳ್ಳುತ್ತಾರೆ.

‘ಸುಳ್ಳಾಗಿದ್ದರೆ ಸಂಬಂಧಪಟ್ಟವರು ಕೋರ್ಟಿಗೆ ಹೋಗುತ್ತಿರಲಿಲ್ಲವೇ’ ಎಂಬುದು ಇದೇ ನಂಬಿಕೆಯ ತಮ್ಮ. ಸತ್ತವರು ಕೋರ್ಟಿಗೆ ಹೋಗುವುದಿಲ್ಲ. ಅವರ ಪರವಾಗಿ ಕ್ರಿಮಿನಲ್ ದೂರು ಕೊಡಬಹುದಾದರೂ ಮನೆಯವರ ಮನಸ್ಸು ನೋಯಿಸುವ ಉದ್ದೇಶ ಇತ್ತೆಂದು ತೋರಿಸಬೇಕು, ಅದು ಸುಲಭವಲ್ಲ. ಸಾರ್ವಜನಿಕ ದಾಖಲೆಯಲ್ಲಿ ಇರುವ ಸಂಗತಿಯನ್ನು ಒಪ್ಪಿಗೆಯಿಲ್ಲದೆಯೂ ಪ್ರಕಟಿಸಬಹುದೆಂದು 1994ರಲ್ಲೇ, ತಮಿಳುನಾಡಿನ ಕೊಲೆ ಅಪರಾಧಿ ಆಟೊ ಶಂಕರ್‌ನ ಆತ್ಮಕಥೆಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ದಾಖಲೆಯಾಚೆ ಹೋದರೆ ಪ್ರಕಟಿಸಿದವರ ಹೊಣೆ. ಚಿತ್ರರಂಗದ ವಕೀಲರು ಈ ಗೆರೆಯನ್ನು ಚೆನ್ನಾಗಿ ಬಲ್ಲರು. ಹೆಸರು, ಊರು, ವೃತ್ತಿ ಮೂರನ್ನೂ ಸ್ವಲ್ಪ ಸ್ವಲ್ಪ ತಿರುಚಿದರೆ ‘ಅದು ನಾನೇ’ ಎಂದು ಸಾಧಿಸುವ ಹೊರೆ ದೂರುದಾರನ ತಲೆಗೆ ಬೀಳುತ್ತದೆ.

ಈಗ ‘ಶೇಕಡಾ ಎಷ್ಟು’. ಈ ಲೆಕ್ಕ ಬಿಡಿ. ಸಿನಿಮಾದಲ್ಲಿರುವ ಕಾರು ಆ ವರ್ಷ ಮಾರುಕಟ್ಟೆಗೇ ಬಂದಿರಲಿಲ್ಲ ಎಂದು ಹಿಡಿದವನಿಗೆ ಒಂದು ಚಪ್ಪಾಳೆ ಕೊಟ್ಟು ಮುಂದೆ ಹೋಗೋಣ. ಕೇಳಬೇಕಾದದ್ದು ಎಷ್ಟು ಬದಲಿಸಿದರು ಎಂದಲ್ಲ. ಬದಲಿಸಿದ್ದರಿಂದ ಯಾರ ಶ್ರೇಯಸ್ಸು ಯಾರ ಪಾಲಾಯಿತು, ಯಾರ ತಪ್ಪು ಯಾರ ತಲೆಗೆ ಬಂತು ಎಂದು.

ಕುವೈತಿನಿಂದ ಭಾರತೀಯರನ್ನು ಕರೆತಂದ ಕಥೆಯ ಹಿಂದಿ ಚಿತ್ರ ‘ಏರ್‌ಲಿಫ್ಟ್’ (2016) ತೆಗೆದುಕೊಳ್ಳಿ. ಇರಾಕ್ ಕುವೈತಿಗೆ ನುಗ್ಗಿದ್ದು 1990ರ ಆಗಸ್ಟ್ 2ರಂದು. ಸುಮಾರು 1.7 ಲಕ್ಷ ಭಾರತೀಯರು ಅಲ್ಲಿಂದ ಮನೆಗೆ ಮರಳಿದರು. ಬಹುಪಾಲು ಜನ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ ವಿಮಾನ ಹತ್ತಿದರು. ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ನಡೆಸಿತು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನನನ್ನು ಕಂಡರು. ಇಷ್ಟು ಗಟ್ಟಿ. ಚಿತ್ರದ ರಂಜಿತ್ ಕಟ್ಯಾಲ್ ಎಂಬ ವ್ಯಾಪಾರಿ ಮಾತ್ರ ಒಬ್ಬ ಮನುಷ್ಯನಲ್ಲ. ಕುವೈತಿನಲ್ಲಿ ಆಗ ಜನರನ್ನು ಸಂಘಟಿಸಿದ ಮಾತುಣ್ಣಿ ಮ್ಯಾಥ್ಯೂಸ್, ಹರ್ಭಜನ್ ಸಿಂಗ್ ವೇದಿಯಂಥವರನ್ನು ಬೆರೆಸಿ ಕಟ್ಟಿದ ಪಾತ್ರ. ಬೆರೆಸುವುದು ತಪ್ಪಲ್ಲ, ಎರಡು ಗಂಟೆಯಲ್ಲಿ ಹತ್ತು ನಾಯಕರನ್ನು ಯಾರೂ ನೆನಪಿಡುವುದಿಲ್ಲ. ಆದರೆ ಒಬ್ಬನನ್ನು ದೊಡ್ಡದು ಮಾಡಲು ಚಿತ್ರ ದೆಹಲಿಯ ಕಚೇರಿಯನ್ನು ನಿದ್ದೆಗೆ ಹಾಕಿತು. ವಿದೇಶಾಂಗ ಇಲಾಖೆಯ ಆಗಿನ ವಕ್ತಾರ ವಿಕಾಸ್ ಸ್ವರೂಪ್, ಚಿತ್ರ ವಾಸ್ತವದೊಂದಿಗೆ ಕಲಾತ್ಮಕ ಸ್ವಾತಂತ್ರ್ಯ ತೆಗೆದುಕೊಂಡಿದೆ ಎಂದು ಹೇಳಬೇಕಾಯಿತು. (ಸ್ವತಃ ಅವರು ಕಾದಂಬರಿಕಾರರು. ಆ ಸ್ವಾತಂತ್ರ್ಯದ ಬೆಲೆ ಅವರಿಗೆ ಗೊತ್ತು.) ಇಲ್ಲಿ ಶ್ರೇಯಸ್ಸು ಕೈ ಬದಲಿಸಿದೆ. ಇದು ಕಾರಿನ ಮಾಡೆಲ್ಲಿನಂಥ ತಪ್ಪಲ್ಲ.

ಎದುರಿಗೆ ತಮಿಳಿನ ‘ಸೂರರೈ ಪೋಟ್ರು’ (2020) ಇಟ್ಟು ನೋಡಿ. ಏರ್ ಡೆಕ್ಕನ್ ಎಂಬ ಅಗ್ಗದ ವಿಮಾನಯಾನ ಕಂಪನಿ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ‘ಸಿಂಪ್ಲಿ ಫ್ಲೈ’ ಪುಸ್ತಕ ಅದರ ಮೂಲ. ಹೇಮಾವತಿಯ ದಂಡೆ ಮದುರೈ ಕಡೆಯ ಸೋಳವಂದಾನ್ ಆಯಿತು. ಭೂಸೇನೆಯ ಅಧಿಕಾರಿ ವಾಯುಪಡೆಯವನಾದ. ಜಾವಗಲ್ ಕಡೆಯ ಬೇಸಾಯದ ವರ್ಷಗಳು ಹಾರಿಯೇ ಹೋದವು. ಹೆಂಡತಿಯ ಬೇಕರಿ ಉಳಿಯಿತು, ಒಂದು ರೂಪಾಯಿಯ ಟಿಕೆಟ್ಟೂ ಉಳಿಯಿತು. ನಮ್ಮವರನ್ನು ತಮಿಳರನ್ನಾಗಿ ಮಾಡಿದರು ಎಂದು ಇಲ್ಲಿ ಕೆಲವರು ಸಿಟ್ಟಾದರು. ಗೋಪಿನಾಥ್ ಅವರೇ, ಬಹಳ ಕಲ್ಪಿತ, ಆದರೂ ಪುಸ್ತಕದ ಸಾರ ಹಿಡಿದಿದೆ ಎಂದು ಮೆಚ್ಚಿದರು. ಹೆಸರನ್ನೇ ಬದಲಿಸಿರುವುದರಿಂದ ಇಲ್ಲಿ ಯಾರ ಪಾಲನ್ನೂ ಯಾರೂ ಕಸಿದಿಲ್ಲ. ನನ್ನ ತಕರಾರು ಬೇರೆ ಕಡೆ: ಚಿತ್ರ ಎಲ್ಲಿ ನಿಂತಿತು? ಗೆಲುವಿನಲ್ಲಿ. ನಿಜವಾದ ಏರ್ ಡೆಕ್ಕನ್ 2003ರಲ್ಲಿ ಹಾರಿತು, 2007ರಲ್ಲಿ ಕಿಂಗ್‌ಫಿಷರಿನವರ ಕೈ ಸೇರತೊಡಗಿತು, 2012ರಲ್ಲಿ ಕಿಂಗ್‌ಫಿಷರ್ ತಾನೇ ನೆಲಕ್ಕಿಳಿಯಿತು. ಒಂದೇ ಒಂದು ಸುಳ್ಳು ಹೇಳದೆ ಇಡೀ ಕಥೆಯ ಅರ್ಥ ಬದಲಿಸುವ ದಾರಿ ಇದು, ಸರಿಯಾದ ಜಾಗದಲ್ಲಿ ‘ಶುಭಂ’ ಹಾಕುವುದು.

ಮನೆಯಲ್ಲಿ ಕೂತು ಪರೀಕ್ಷಿಸಬೇಕೆಂದರೆ ಹೀಗೆ ಮಾಡಿ. ಶುರುವಿನ ಕಾರ್ಡು ಕೆಲವೇ ಸೆಕೆಂಡು ಇರುತ್ತದೆ. ಅಲ್ಲೇ ಚಿತ್ರ ನಿಲ್ಲಿಸಿ ಪೂರ್ತಿ ಓದಿ. ‘ಪಾತ್ರಗಳನ್ನು ಒಗ್ಗೂಡಿಸಲಾಗಿದೆ, ಘಟನೆಗಳ ಕ್ರಮ ಬದಲಿಸಲಾಗಿದೆ’ ಎಂದು ನಿರ್ಮಾಪಕರು ತಾವೇ ಒಪ್ಪಿಕೊಂಡಿರುತ್ತಾರೆ, ನಾವು ಪಾಪ್‌ಕಾರ್ನ್ ಹುಡುಕುತ್ತಿರುತ್ತೇವೆ. ನೋಡಿದ ಮೇಲೆ ಮೂರೇ ದೃಶ್ಯ ಆರಿಸಿಕೊಳ್ಳಿ: ಕಥೆ ತಿರುಗಿದ್ದು, ಖಳನ ಅತಿ ನೀಚ ಕೆಲಸ, ಕೊನೆಯದು. ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರೇ ಮಾತಾಡಿ ಇಬ್ಬರೂ ಸತ್ತಿದ್ದರೆ, ಆ ಮಾತು ಸಂಭಾಷಣಾಕಾರನದೇ. ಹುಡುಕಾಟ ಬೇಡ. ಉಳಿದದ್ದಕ್ಕೆ ಸಿನಿಮಾ ಘೋಷಣೆಯಾಗುವ ಮುಂಚಿನ ಬರಹಗಳನ್ನು ಮಾತ್ರ ನೋಡಿ. ಇದು ಮುಖ್ಯ. ಬಿಡುಗಡೆಯಾದ ಮೇಲೆ ಬಂದ ‘ನಿಜಕಥೆ ಇಲ್ಲಿದೆ’ ಲೇಖನಗಳಲ್ಲಿ ಬಹಳಷ್ಟು ಸಿನಿಮಾ ನೋಡಿಯೇ ಬರೆದವು, ನೀವು ಕನ್ನಡಿಯಲ್ಲಿ ಕನ್ನಡಿ ನೋಡಿದಂತಾಗುತ್ತದೆ. ಕೊಲೆ ಅಥವಾ ಹಗರಣದ ಕಥೆಯಾದರೆ ತೀರ್ಪನ್ನೇ ಓದಿ. ಸುಪ್ರೀಂ ಕೋರ್ಟಿನವು ಇ-ಎಸ್‌ಸಿಆರ್ ತಾಣದಲ್ಲಿ ಉಚಿತ. ಸರ್ಕಾರ ಏನು ಮಾಡಿತು ಎಂಬುದಕ್ಕೆ ಲೋಕಸಭೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿವೆ. ಕೊನೆಗೆ ಬರುವ ಕಪ್ಪುಬಿಳುಪು ಫೋಟೊಗಳಿಗೆ ಮರುಳಾಗಬೇಡಿ. ಆ ಮನುಷ್ಯ ಇದ್ದ ಎಂಬುದಕ್ಕೆ ಅವು ಸಾಕ್ಷಿ, ಎರಡು ಗಂಟೆ ನೋಡಿದ್ದಕ್ಕಲ್ಲ.

ಇನ್ನೊಂದು ಇದೆ, ನೀವು ಕೇಳಲಿಲ್ಲ, ಆದರೂ ಹೇಳದೆ ಇರಲಾರೆ. ‘ಇದರಲ್ಲಿ ಬರುವ ಪಾತ್ರಗಳೆಲ್ಲ ಕಾಲ್ಪನಿಕ, ಯಾರನ್ನಾದರೂ ಹೋಲಿದರೆ ಕೇವಲ ಕಾಕತಾಳೀಯ’ ಎಂಬ ಇನ್ನೊಂದು ಕಾರ್ಡು ಬರುತ್ತದಲ್ಲ, ಅದು ಹುಟ್ಟಿದ್ದೇ ‘ನಿಜ’ ಎಂದು ಕೊಚ್ಚಿಕೊಂಡಿದ್ದರಿಂದ. 1932ರಲ್ಲಿ ಹಾಲಿವುಡ್ಡಿನ ಎಂಜಿಎಂ ಕಂಪನಿ, ರಷ್ಯದ ಅರಮನೆಯಲ್ಲಿ ಪ್ರಭಾವ ಬೆಳೆಸಿಕೊಂಡಿದ್ದ ರಾಸ್ಪುಟಿನ್ ಕುರಿತು ಚಿತ್ರ ತೆಗೆಯಿತು. ಪಾತ್ರಗಳಲ್ಲಿ ಕೆಲವರು ಇನ್ನೂ ಬದುಕಿದ್ದಾರೆ, ಉಳಿದವರು ಹಿಂಸೆಗೆ ಬಲಿಯಾದರು ಎಂದು ಮೊದಲಲ್ಲೇ ಹೆಮ್ಮೆಯಿಂದ ಹಾಕಿತು. ಬದುಕಿದ್ದವರಲ್ಲಿ ರಾಜಕುಮಾರಿ ಇರೀನಾ ಯೂಸುಪೋವಾ ಒಬ್ಬಳು. ರಾಸ್ಪುಟಿನ್‌ನನ್ನು ಕೊಂದವರ ಪೈಕಿ ಆಕೆಯ ಗಂಡನೇ ಪ್ರಮುಖ. ಚಿತ್ರದ ನತಾಶಾ ಎಂಬ ರಾಜಕುಮಾರಿಯ ಮಾನವನ್ನು ರಾಸ್ಪುಟಿನ್ ಕೆಡಿಸುತ್ತಾನೆ. ನೋಡಿದವರು ಅದು ನಾನೇ ಎಂದುಕೊಳ್ಳುತ್ತಾರೆ ಎಂದು ಆಕೆ ಲಂಡನ್ನಿನಲ್ಲಿ ದಾವೆ ಹೂಡಿದಳು. 1934ರಲ್ಲಿ ಜ್ಯೂರಿ 25,000 ಪೌಂಡ್ ಕೊಡಿಸಿತು, ಮೇಲ್ಮನವಿಯಲ್ಲೂ ಕಂಪನಿ ಸೋತಿತು. ಆಮೇಲೆ ಸ್ಟುಡಿಯೊಗಳು ‘ಎಲ್ಲವೂ ಕಾಲ್ಪನಿಕ’ ಎಂಬ ಸಾಲನ್ನು ಸಾಲುಸಾಲಾಗಿ ಅಂಟಿಸತೊಡಗಿದವು.

ಎರಡೂ ಕಾರ್ಡುಗಳನ್ನು ಒಂದೇ ಚಿತ್ರದಲ್ಲಿ ನೋಡಬೇಕೆಂದರೆ ಕೋಎನ್ ಸೋದರರ ‘ಫಾರ್ಗೊ’ (1996) ಹಾಕಿ. ಇದು ನಿಜವಾದ ಕಥೆ, 1987ರಲ್ಲಿ ಮಿನೆಸೋಟಾದಲ್ಲಿ ನಡೆದದ್ದು, ಬದುಕುಳಿದವರ ಕೋರಿಕೆಯಂತೆ ಹೆಸರು ಬದಲಿಸಿದ್ದೇವೆ ಎಂದು ಶುರುವಾಗುತ್ತದೆ. ಆ ಕಥೆ ಕಲ್ಪಿತ. ಪಾತ್ರಗಳೆಲ್ಲ ಕಾಲ್ಪನಿಕ ಎಂಬ ಸಾಲೂ ಅದರಲ್ಲೇ ಇದೆ, ತಂತ್ರಜ್ಞರ ಹೆಸರೆಲ್ಲ ಉರುಳಿ ಮುಗಿಯುವ ಹೊತ್ತಿಗೆ, ಸಣ್ಣ ಅಕ್ಷರದಲ್ಲಿ. ಅಷ್ಟರಲ್ಲಿ ದೀಪ ಹತ್ತಿ, ಅರ್ಧ ಜನ ಪಾರ್ಕಿಂಗಿನಲ್ಲಿ ಗಾಡಿ ಹುಡುಕುತ್ತಿರುತ್ತಾರೆ.